ಸಹನೆ ಯಾವುದು, ಸುಪ್ತಿ ಯಾವುದು?

ನೋವನ್ನು ಸಹಿಸುವವನು ಧೀರನೆಂದು ಲೋಕವು ಹೇಳುತ್ತದೆ. ಶಾಸ್ತ್ರಗಳೂ ತಿತಿಕ್ಷೆಯನ್ನು ಸಾಧಕನ ಸಂಪತ್ತುಗಳಲ್ಲಿ ಒಂದನ್ನಾಗಿ ಎಣಿಸಿವೆ. ಶೀತೋಷ್ಣಗಳನ್ನೂ ಸುಖದುಃಖಗಳನ್ನೂ ಸಮಚಿತ್ತದಿಂದ ತಾಳಿಕೊಳ್ಳುವುದೇ ತಿತಿಕ್ಷೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ನೋವೇ ತಿಳಿಯದವನು ಧೀರನೆ? ಕಾದ ಕಲ್ಲಿನ ಮೇಲೆ ಕಾಲಿಟ್ಟರೂ ಬಿಸಿಯು ಅರಿವಿಗೆ ಬಾರದಿದ್ದರೆ ಅದನ್ನು ತಪಸ್ಸೆನ್ನಬಹುದೆ? ಈ ಪ್ರಶ್ನೆಯನ್ನು ತರ್ಕದ ವಿನೋದಕ್ಕಾಗಿ ಎತ್ತಿದುದಲ್ಲ. ಇಂದು ನಮ್ಮ ಮನೆಗಳಲ್ಲಿ ಎಷ್ಟೋ ಹಿರಿಯರ ಕಾಲು ಉಳಿಯುವುದೂ ಹೋಗುವುದೂ ಇದಕ್ಕೆ ನಾವು ಕೊಡುವ ಉತ್ತರವನ್ನು ಅವಲಂಬಿಸಿದೆ.

ನನ್ನೊಡನೆ ಬಹುಕಾಲ ಪಾಠ ಹೇಳಿದ ಹಿರಿಯ ಶಿಕ್ಷಕರೊಬ್ಬರಿದ್ದರು. ಸದಾಚಾರಸಂಪನ್ನರು, ಮಿತಭಾಷಿಗಳು. ಹದಿನೈದು ವರ್ಷಗಳಿಂದ ಮಧುಮೇಹವಿದ್ದರೂ ಜಾತ್ರೆಗೆ ಬರಿಗಾಲಲ್ಲಿ ನಡೆದುಹೋಗುವ ವ್ರತವನ್ನು ಬಿಟ್ಟವರಲ್ಲ. ಒಂದು ಚೈತ್ರಮಾಸದ ನಡುಹಗಲಿನಲ್ಲಿ ಅಂಗಳದ ಕಲ್ಲುಹಾಸು ಕಾದ ಹೆಂಚಿನಂತಾಗಿತ್ತು. ನಾವೆಲ್ಲರೂ ಹೆಜ್ಜೆಯೂರಲಾರದೆ ನೆರಳಿಗೆ ಓಡಿದೆವು. ಅವರು ಮಾತ್ರ ಮೆಲ್ಲಮೆಲ್ಲನೆ ನಡೆದು ಬಂದರು. “ನೋಡಿರಿ, ಸಹನೆಯೆಂದರೆ ಇದು” ಎಂದು ವಿದ್ಯಾರ್ಥಿಗಳಿಗೆ ಅವರನ್ನು ತೋರಿಸಿ ಹೇಳಿದವನು ನಾನೆ. ಸಂಜೆಯ ಹೊತ್ತಿಗೆ ಅವರ ಅಂಗಾಲುಗಳಲ್ಲಿ ಬೊಬ್ಬೆಗಳೆದ್ದು ಒಡೆದಿದ್ದುವು. ಅದು ಅವರಿಗೆ ತಿಳಿದೇ ಇರಲಿಲ್ಲ; ನೆಲದ ಮೇಲೆ ಮೂಡಿದ ಒದ್ದೆ ಹೆಜ್ಜೆಯ ಗುರುತನ್ನು ಕಂಡು ಮೊಮ್ಮಗಳು ಕೂಗಿದಾಗ ತಿಳಿಯಿತು. ಎರಡು ತಿಂಗಳಲ್ಲಿ ಬಲಗಾಲ ಹೆಬ್ಬೆರಳು ಹೋಯಿತು. ಗಾಯವು ಮಾಯಿತು. ಬೆರಳು ಹೋದರೂ ಕಾಲು ಉಳಿಯಿತಲ್ಲ ಎಂದು ಮನೆಯವರೂ ನಾವೂ ನಿಶ್ಚಿಂತರಾದೆವು. ಒಂದೂವರೆ ವರ್ಷದ ಮೇಲೆ ಅದೇ ಪಾದದಲ್ಲಿ, ಎರಡನೆಯ ಬೆರಳ ಬುಡದಲ್ಲಿ ಹುಣ್ಣೆದ್ದಿತು. ಈ ಸಲ ಮೊಳಕಾಲ ಕೆಳಗೆ ಕತ್ತರಿಸಬೇಕಾಯಿತು. ನೋಡಲು ಹೋದಾಗ ಅವರು ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಮಾಸ್ತರೆ, ಅಂದು ನೀವು ಹೊಗಳಿದ ಸಹನೆ ನನ್ನದಾಗಿರಲಿಲ್ಲ, ಅದು ರೋಗದ್ದು.”

ಸಹನೆಯಲ್ಲಿ ಅರಿವುಂಟು, ಸುಪ್ತಿಯಲ್ಲಿ ಅರಿವಿಲ್ಲ. ಇದೇ ಇವೆರಡರ ಅಂತರ. ನಮ್ಮ ಪ್ರಾಚೀನ ವೈದ್ಯರು ಇದನ್ನು ಕಂಡಿದ್ದರು. ಚರಕಸಂಹಿತೆಯ ನಿದಾನಸ್ಥಾನವು ಪ್ರಮೇಹದ ಪೂರ್ವರೂಪಗಳನ್ನು ಹೇಳುವಾಗ ಕೈಕಾಲುಗಳ ಉರಿಯನ್ನೂ ಸುಪ್ತತೆಯನ್ನೂ, ಎಂದರೆ ಜೋಮು ಹಿಡಿದಂತೆ ಸ್ಪರ್ಶ ಕುಂದುವುದನ್ನೂ ಎಣಿಸುತ್ತದೆ. ರಕ್ತದಲ್ಲಿ ಬಹುಕಾಲ ಹೆಚ್ಚಾಗಿ ನಿಂತ ಸಕ್ಕರೆಯು ನರಗಳನ್ನು ಕೆಡಿಸುತ್ತದೆಂದೂ, ಹೃದಯಕ್ಕೆ ಅತಿ ದೂರವಾದ ಪಾದಗಳನ್ನು ಮೊದಲು ಹಿಡಿಯುತ್ತದೆಂದೂ ಇಂದಿನ ವೈದ್ಯಶಾಸ್ತ್ರವು ವಿವರಿಸುತ್ತದೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ ವೈದ್ಯರು ಪರೀಕ್ಷಿಸುವರು. ಅದು ತಾಗಿದುದೇ ತಿಳಿಯದಿದ್ದರೆ ಆ ಪಾದದ ಕಾವಲುಗಾರನು ನಿದ್ರೆಹೋಗಿದ್ದಾನೆಂದು ಅರ್ಥ. ಕಾಲಿನ ಧಮನಿಗಳೂ ಕಿರಿದಾಗಿ ರಕ್ತವು ಸಾಲದೆ ಹೋದರೆ, ಆದ ಗಾಯವು ಮಾಯುವುದಿಲ್ಲ. ಅದರೊಳಗೆ ನಂಜು ಏರುತ್ತದೆ.

ನೋವು ಶತ್ರುವಲ್ಲ, ಕಾವಲುಗಾರನೆಂಬ ಸತ್ಯವನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಪ್ರಮುಖರು. ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿಗೆ ಬಂದು, ಮುಂದೆ ಅಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದರು. ಕುಷ್ಠರೋಗಿಯ ಬೆರಳುಗಳು ತಾವಾಗಿ ಕೊಳೆತು ಬೀಳುವುದಿಲ್ಲ, ನೋವು ತಿಳಿಯದ ಕಾರಣ ಪದೇ ಪದೇ ಪೆಟ್ಟಾಗಿ ನಾಶವಾಗುತ್ತವೆ ಎಂದು ಅವರು ತೋರಿಸಿದರು. ಮುಂದೆ ಅಮೆರಿಕಕ್ಕೆ ಹೋದಾಗ ಇದೇ ತತ್ತ್ವವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಅಂಗಾಲಿನ ಹುಣ್ಣಿಗೆ ಮುಲಾಮಿಗಿಂತ ಮುಖ್ಯವಾದುದು, ಅದರ ಮೇಲೆ ಭಾರ ಬೀಳದಂತೆ ಮಾಡುವುದು. ನೋವಿರುವವನು ಹೇಳದೆಯೇ ಕುಂಟುತ್ತಾನೆ. ನೋವಿಲ್ಲದವನು ಹುಣ್ಣಿನ ಮೇಲೆಯೇ ನಡೆಯುತ್ತಾನೆ.

ಇನ್ನು ಮಾಯ್ದ ಗಾಯದ ವಿಚಾರ. ಎಲ್ಲರೂ ಎಡವುವುದು ಇಲ್ಲಿಯೆ. ಗಾಯ ಮಾಯಿತೆಂದರೆ ರೋಗ ಮಾಯಿತೆಂದಲ್ಲ. ಮಾಯ್ದ ಹುಣ್ಣು ಒಂದು ವರ್ಷದೊಳಗೆ ನೂರಕ್ಕೆ ಸುಮಾರು 40 ಜನರಲ್ಲಿಯೂ, ಮೂರು ವರ್ಷಗಳೊಳಗೆ ಸುಮಾರು 60 ಜನರಲ್ಲಿಯೂ ಮತ್ತೆ ಹುಟ್ಟುತ್ತದೆಂದು ಈ ವಿಷಯದ ತಜ್ಞರು 2017ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಹೇಳಿದ್ದಾರೆ. ಕಾರಣವು ಸ್ಪಷ್ಟ. ನರಗಳು ಹಿಂದಿನಂತೆಯೇ ಮಲಗಿರುತ್ತವೆ. ಧಮನಿಗಳು ಹಿಂದಿನಂತೆಯೇ ಕಿರಿದಾಗಿರುತ್ತವೆ. ಹೆಬ್ಬೆರಳು ಹೋದಮೇಲೆ ಅದು ಹೊರುತ್ತಿದ್ದ ಭಾರವು ಪಕ್ಕದ ಬೆರಳುಗಳ ಮೇಲೆಯೂ ಅವುಗಳ ಬುಡದ ಎಲುಬುಗಳ ಮೇಲೆಯೂ ಬೀಳುತ್ತದೆ. ಒಂದು ಕಾಲು ಹೋದರೆ ಉಳಿದ ಕಾಲು ಇಬ್ಬರ ದುಡಿಮೆಯನ್ನು ಮಾಡಬೇಕಾಗುತ್ತದೆ. ಹೀಗೆ ಮೊದಲನೆಯ ಛೇದವು ಎರಡನೆಯದಕ್ಕೆ ದಾರಿಯಾಗುತ್ತದೆ. ಆದುದರಿಂದಲೇ ವೈದ್ಯರಲ್ಲಿ ಕೆಲವರು ಇದನ್ನು ಗುಣವೆನ್ನದೆ ‘ಉಪಶಮನ’ವೆಂದು ಮಾತ್ರ ಕರೆಯಬೇಕೆನ್ನುತ್ತಾರೆ.

ಇಲ್ಲಿ ಆಕ್ಷೇಪಗಳು ಏಳಬಹುದು. ನಶ್ವರವಾದ ದೇಹಕ್ಕೆ ಇಷ್ಟು ಉಪಚಾರವೇಕೆ? ಇದು ದೇಹಾಭಿಮಾನವಲ್ಲವೆ? ಅಲ್ಲ. ಶರಣರು ದೇಹದ ವ್ಯಾಮೋಹವನ್ನು ಹಳಿದರೇ ಹೊರತು ದೇಹವನ್ನು ಹಳಿಯಲಿಲ್ಲ. ಇಷ್ಟಲಿಂಗವು ನೆಲೆಗೊಂಡಿರುವುದು ಈ ಅಂಗದ ಮೇಲೆಯೆ; ಕಾಯಕವು ನಡೆಯಬೇಕಾದುದು ಈ ಕೈಕಾಲುಗಳಿಂದಲೆ. ಮನೆಯ ಗೋಡೆ ಬಿರಿದಾಗ ಮಣ್ಣು ಮೆತ್ತುವವನನ್ನು ಯಾರೂ ಮನೆಯ ಮೋಹಿಯೆನ್ನುವುದಿಲ್ಲ.

ಎಲ್ಲವೂ ಪ್ರಾರಬ್ಧ, ಹೋಗುವ ಕಾಲು ಹೋಗಿಯೇ ಹೋಗುತ್ತದೆ ಎಂಬುದು ಇನ್ನೊಂದು ಮಾತು. ಕಣ್ಣಿಗೆ ಕಂಡ ಮುಳ್ಳನ್ನು ಕೀಳದೆ ಪ್ರಾರಬ್ಧವೆನ್ನುವುದು ವೈರಾಗ್ಯವಲ್ಲ, ಆಲಸ್ಯ. ಇನ್ನು ಕೆಲವರು ರೋಗಿಯನ್ನೇ ದೂರುತ್ತಾರೆ: “ಬಾಯಿ ಕಟ್ಟಲಿಲ್ಲ, ಅನುಭವಿಸಲಿ.” ಇದು ಇನ್ನೂ ಕ್ರೂರವಾದುದು. ಪಥ್ಯ ತಪ್ಪಿದವನೂ ತನ್ನ ಕಾಲು ಹೋಗಲೆಂದು ಬಯಸಿದವನಲ್ಲ. ತನ್ನ ನೋವು ತನಗೇ ತಿಳಿಯದವನಿಗೆ ಅದನ್ನು ತಿಳಿಸಬೇಕಾದವರು ಯಾರು? ಮನೆಯವರು. ಅವನ ನರಗಳು ಮಲಗಿರುವಾಗ ಮನೆಯವರ ಕಣ್ಣು ಎಚ್ಚತ್ತಿರಬೇಕು. ಗಾಯ ಮಾಯ್ದೊಡನೆ ನಮ್ಮ ಎಚ್ಚರವೂ ಮಲಗಿದರೆ, ಅದು ದಯೆಗೆ ಹಿಡಿದ ಸುಪ್ತಿ. ನನ್ನ ಹಿರಿಯ ಮಿತ್ರರ ಎರಡನೆಯ ಛೇದಕ್ಕೆ ಅವರ ನರಗಳಷ್ಟೇ ನಮ್ಮ ಈ ಸುಪ್ತಿಯೂ ಕಾರಣವೆಂದು ನಾನು ಒಪ್ಪಿಕೊಳ್ಳಬೇಕಾಗಿದೆ.

ಜಂಗಮರು ಮನೆಗೆ ಬಂದರೆ ಪಾದ ತೊಳೆದು ಪೂಜಿಸುವ ಸಂಸ್ಕಾರ ನಮ್ಮದು. ಆ ಕೈಗಳು ಮನೆಯ ಹಿರಿಯರ ಪಾದವನ್ನು ದಿನಕ್ಕೊಮ್ಮೆ ಮುಟ್ಟಿ ನೋಡಲು ಏಕೆ ಹಿಂಜರಿಯಬೇಕು? ಇದನ್ನು ಸಂಜೆಯ ನಿತ್ಯನಿಯಮವನ್ನಾಗಿ ಮಾಡಿಕೊಳ್ಳಬೇಕು. ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ನೋಡುವುದು. ಒಂಟಿಯಾಗಿರುವವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಿಕೊಳ್ಳುವುದು. ಒಂದು ಪಾದದಲ್ಲಿ ಒಂದೆಡೆ ಹೆಚ್ಚು ಬಿಸಿಯಿದೆಯೆ ಎಂದು ಕೈಯಿಂದ ತಿಳಿಯುವುದು. ತೊಳೆದ ಮೇಲೆ ಸಂದುಗಳನ್ನು ಒಣಗಿಸುವುದು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಳಕೈಯಿಂದ ನೋಡುವುದು. ಆಣಿಯನ್ನು ಬ್ಲೇಡಿನಿಂದ ಕೊಯ್ಯದಿರುವುದು. ಮೆಟ್ಟುವ ಮುನ್ನ ಪಾದರಕ್ಷೆಯನ್ನು ಕೊಡವಿ ಒಳಗೆ ಕೈಯಾಡಿಸುವುದು. ಬೀಡಿ, ತಂಬಾಕುಗಳನ್ನು ಬಿಡುವುದು. ಕೆಂಪು, ಬಾವು, ಕೀವು, ದುರ್ವಾಸನೆ, ಕಪ್ಪುಬಣ್ಣ ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯರ ಬಳಿಗೆ ಹೋಗಬೇಕು. ನೋವಿಲ್ಲವಲ್ಲ ಎಂಬುದು ಇಲ್ಲಿ ಸಮಾಧಾನವಲ್ಲ, ಭಯದ ಕಾರಣ.

ಬರಿಗಾಲಿನ ವ್ರತಕ್ಕೆ ಏನು ಗತಿಯೆಂದು ಭಕ್ತರು ಕೇಳಬಹುದು. ತಾಳುವ ನೋವೇ ಇಲ್ಲದಿರುವಾಗ ಅಲ್ಲಿ ತಾಳ್ಮೆಯೆಲ್ಲಿ, ವ್ರತವೆಲ್ಲಿ? ಅಂಥವರಿಗೆ ಪಾದರಕ್ಷೆ ಧರಿಸುವ ವಿನಯವೇ ವ್ರತ. ದರ್ಶನಕ್ಕೆ ಬೆಳಗಿನ ತಂಪಿನಲ್ಲಿ ಬರಲಿ. ಅಂಗಳದಲ್ಲಿ ಜಾತ್ರೆಯ ಸೇವಾಕರ್ತರು ನಾರಿನ ಚಾಪೆ ಹಾಸಲಿ. ಕರಸ್ಥಲದಲ್ಲಿಯೇ ಇಷ್ಟಲಿಂಗವುಳ್ಳವನು ಕಾದ ಕಲ್ಲನ್ನು ತುಳಿದು ದೇವರನ್ನು ಹುಡುಕಬೇಕಾಗಿಲ್ಲ.

ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ತಿಳಿಸಿತು. ಇವರಲ್ಲಿ ನಮ್ಮ ತಂದೆತಾಯಿಗಳೂ ಇರಬಹುದು, ನಾವೂ ಇರಬಹುದು. ನನ್ನ ಮಿತ್ರರು ಈಗ ಕೃತಕ ಕಾಲಿನಿಂದ ನಡೆಯುತ್ತಾರೆ. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳು ಅವರ ಎಡಗಾಲನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾಳೆ. ಆ ಪಾದವು ನಾಲ್ಕು ವರ್ಷಗಳಿಂದ ಹುಣ್ಣಿಲ್ಲದೆ ಉಳಿದಿದೆ. ಸಹನೆಯ ಪಾಠವನ್ನು ನಾನು ವಿದ್ಯಾರ್ಥಿಗಳಿಗೆ ಈಗಲೂ ಹೇಳುತ್ತೇನೆ. ಆದರೆ ಉದಾಹರಣೆಯಾಗಿ ಆ ಬಾಲಿಕೆಯನ್ನು ತೋರಿಸುತ್ತೇನೆ.