ಚೆಲ್ಲಿದ ಪಾಯಸ ಮತ್ತು ನಾಲ್ಕನೆಯ ಶೀಲ



ಬುದ್ಧ ಪೂರ್ಣಿಮೆಯ ದಿನ ಮನೆತುಂಬ ನೆಂಟರು, ಮಕ್ಕಳ ಓಡಾಟ. ಪಾಯಸ ಚೆಲ್ಲುವುದು, ಮೇಣದಬತ್ತಿ ಉರುಳುವುದು, ಬುದ್ಧನ ಮೂರ್ತಿ ಕೈಜಾರಿ ಒಡೆಯುವುದು ಅವತ್ತೇ. ಒಬ್ಬರು 'ಅಪಶಕುನ' ಎನ್ನುತ್ತಾರೆ. ಇನ್ನೊಬ್ಬರು ಮಗುವಿನ ಬೆನ್ನಿಗೆ ಬಾರಿಸುತ್ತಾರೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ತೋರಿಸಿದ ದಾರಿಯಲ್ಲಿ ಶಕುನದ ಭಯಕ್ಕೆ ಜಾಗವಿಲ್ಲ. ಹಾಗಾದರೆ ಆ ಪೆಟ್ಟಿಗೆ?

ಚೇತನೆಯೇ ಕಮ್ಮ ಎಂದರು ಬುದ್ಧರು. ಪಾಯಸ ಚೆಲ್ಲಿದ ಕೈಯಲ್ಲಿ ಕೆಟ್ಟ ಉದ್ದೇಶವಿಲ್ಲ. ಹೊಡೆಯಲು ಎತ್ತಿದ ಕೈಯಲ್ಲಿ ಸಿಟ್ಟಿದೆ.

ನಾನು ಪಾಠ ಮಾಡುವ ತರಗತಿಯಲ್ಲಿ ಏನಾದರೂ ಒಡೆದಾಗ 'ಯಾರು?' ಎಂದರೆ, ಕೇಳುವ ಮೊದಲೇ 'ನಾನಲ್ಲ ಸಾರ್' ಎನ್ನುವ ಮಕ್ಕಳಿದ್ದಾರೆ. ಅವರಿಗೆ ಸುಳ್ಳು ಕಲಿಸಿದ್ದು ಪೆಟ್ಟಿನ ಭಯ. ಬೆಳಿಗ್ಗೆ ಪಂಚಶೀಲ ಹೇಳಿಸಿ, ಮಧ್ಯಾಹ್ನ ನಿಜ ಹೇಳಿದ್ದಕ್ಕೇ ಹೊಡೆದರೆ ನಾಲ್ಕನೆಯ ಶೀಲ ಮಗುವಿನಲ್ಲಿ ಉಳಿಯುವುದು ಹೇಗೆ?

ಬುದ್ಧರು ಮಗ ರಾಹುಲನಿಗೆ ಸತ್ಯದ ಪಾಠ ಹೇಳಿದ್ದು ಪಾತ್ರೆಯಲ್ಲಿ ಉಳಿದ ಸ್ವಲ್ಪ ನೀರು ತೋರಿಸಿ. ಆ ನೀರು ಚೆಲ್ಲಿದರು, ಪಾತ್ರೆ ಬೋರಲು ಹಾಕಿದರು, ಬರಿದಾದದ್ದನ್ನು ತೋರಿಸಿದರು. ತಿಳಿದೂ ತಿಳಿದೂ ಸುಳ್ಳಾಡಿ ನಾಚದವರ ಸಾಧನೆ ಅಷ್ಟೇ ಬರಿದು ಎಂದರು. ಮಜ್ಝಿಮ ನಿಕಾಯದ ಆ ಪಾಠದಲ್ಲಿ ಬೆತ್ತವಿಲ್ಲ.

ಮುಂದಿನ ಹಬ್ಬದಲ್ಲಿ ಪಾಯಸ ಚೆಲ್ಲಿದರೆ ಮೊದಲು 'ಕೈ ಸುಟ್ಟಿತೇನೋ ಮಗಾ?' ಎಂದು ಕೇಳೋಣ. ಆಮೇಲೆ ಒರೆಸುವ ಬಟ್ಟೆ ಅದರ ಕೈಗೊಂದು, ನಮ್ಮ ಕೈಗೊಂದು.

ಭವತು ಸಬ್ಬ ಮಂಗಲಂ.