ಚಿಕಿತ್ಸೆಗೆ ಹೋದದ್ದೇ ತಪ್ಪಾಗಬೇಕೇ?

ಗಜೇಂದ್ರಗಡ ಸಮೀಪದ ಪುರ್ತಗೇರಿಯಂಥ ಊರಿನಲ್ಲಿ ಒಬ್ಬ ರೈತನಿದ್ದಾನೆ ಎಂದುಕೊಳ್ಳೋಣ. ಗೋವಿನಜೋಳದ ಹೊಲಕ್ಕೆ ರಾತ್ರಿ ಹಂದಿಗಳು ನುಗ್ಗುತ್ತವೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕೊಂದು ಮನೆಯಲ್ಲಿದೆ. ಎರಡು ವರ್ಷ ಮಳೆ ಕೈಕೊಟ್ಟಿದೆ, ಸಾಲ ಬೆಳೆದಿದೆ. ಈಗ ಅವನಿಗೆ ನಿದ್ದೆಯಿಲ್ಲ, ಯಾರೊಡನೆಯೂ ಮಾತಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗೋಣ ಎಂದು ಹೆಂಡತಿ ಅಂಗಲಾಚುತ್ತಾಳೆ. ಅವನು ಕೇಳುತ್ತಾನೆ: "ಅಲ್ಲಿ ಹೆಸರು ಬರಸಿದ್ರ ನಾಳೆ ಲೈಸೆನ್ಸ್ ಉಳೀತದೇನು?"

ರೈತ ಕಲ್ಪಿತ, ಪ್ರಶ್ನೆ ಕಲ್ಪಿತವಲ್ಲ. ಒಬ್ಬನ ಮನಸ್ಸಿನ ಕಾಯಿಲೆಯ ದಾಖಲೆಯನ್ನು ನೋಡಿ ಅವನ ಕೈಗೆ ಬಂದೂಕು ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವುದು ನ್ಯಾಯವೇ?

ನಮ್ಮ ಕಾನೂನು ಇಲ್ಲಿ ಎರಡು ಮಾತು ಹೇಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 14ನೇ ಕಲಮಿನಂತೆ ಅಸ್ವಸ್ಥಚಿತ್ತರಿಗೆ ಪರವಾನಗಿ ನಿರಾಕರಿಸಬೇಕು; 17ನೇ ಕಲಮಿನಂತೆ ಕೊಟ್ಟದ್ದನ್ನೂ ರದ್ದು ಮಾಡಬಹುದು. 2016ರ ನಿಯಮಗಳ ಪ್ರಕಾರ ಅರ್ಜಿದಾರನ ಮಾನಸಿಕ ಆರೋಗ್ಯದ ಬಗ್ಗೆ, ಅವನು ಮಾದಕ ವಸ್ತುಗಳಿಗೆ ದಾಸನಲ್ಲ ಎಂಬ ಬಗ್ಗೆ ವೈದ್ಯರ ಪ್ರಮಾಣಪತ್ರ ಬೇಕು. ಇದರ ಜೊತೆಗೆ ಪೊಲೀಸ್ ವರದಿ. ಇನ್ನೊಂದೆಡೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿ ಗುಟ್ಟಾಗಿ ಉಳಿಯುವ ಹಕ್ಕನ್ನು ಮಾನ್ಯ ಮಾಡುತ್ತದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ, ನ್ಯಾಯಾಲಯ ಹಾಗೆಂದು ಘೋಷಿಸದ ಹೊರತು, ಒಬ್ಬನನ್ನು ಅಸ್ವಸ್ಥಚಿತ್ತನೆಂದು ಭಾವಿಸಕೂಡದು ಎಂದೂ ಅದು ಸ್ಪಷ್ಟಪಡಿಸಿದೆ.

ದಾಖಲೆ ತಲುಪದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಕಂಡಿದೆ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ 32 ಮಂದಿಯನ್ನು ಕೊಂದ. ಸತ್ತವರಲ್ಲಿ ತಮಿಳುನಾಡು ಮೂಲದ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಕೂಡ ಇದ್ದರು. ಆ ವಿದ್ಯಾರ್ಥಿಯಿಂದ ಅವನಿಗೇ ಅಪಾಯವಿದೆ ಎಂದು 2005ರಲ್ಲೇ ನ್ಯಾಯಾಧಿಕಾರಿ ಹೇಳಿ ಚಿಕಿತ್ಸೆಗೆ ಆದೇಶಿಸಿದ್ದರು. ಆ ಆದೇಶ ಬಂದೂಕು ಖರೀದಿದಾರರ ಪೂರ್ವಾಪರ ಪರಿಶೀಲಿಸುವ ರಾಷ್ಟ್ರೀಯ ದಾಖಲೆಗೆ ಸೇರಲೇ ಇಲ್ಲ. ಅವನಿಗೆ ಬಂದೂಕು ಸಿಕ್ಕಿತು. ಇಂಥ ದಾಖಲೆಗಳನ್ನು ರಾಜ್ಯಗಳು ಕಳುಹಿಸುವಂತೆ ಉತ್ತೇಜಿಸಲು 2008ರ ಜನವರಿಯಲ್ಲಿ ಅಲ್ಲಿ ಹೊಸ ಕಾಯ್ದೆ ಬಂತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಅಲ್ಲಿ ತಲುಪಬೇಕಿದ್ದದ್ದು ವಿಚಾರಣೆ ನಡೆಸಿ ಕೊಟ್ಟ ಆದೇಶ. ರೋಗಿ ವೈದ್ಯರ ಮುಂದೆ ತೋಡಿಕೊಂಡ ದುಃಖವಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯವಾಗುತ್ತದೆ. ಮಾನಸಿಕ ಕಾಯಿಲೆಯವರಲ್ಲಿ ಬಹುತೇಕರು ಯಾರ ಮೇಲೂ ಕೈ ಎತ್ತುವವರಲ್ಲ. ಅಮೆರಿಕದಲ್ಲೇ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು.

ಆಸ್ಪತ್ರೆಯ ಚೀಟಿಯೇ ಸಾಕ್ಷಿಯಾಗುವುದಾದರೆ ಶಿಕ್ಷೆ ಯಾರಿಗೆ? ಚಿಕಿತ್ಸೆಗೆ ಹೋದ ಪ್ರಾಮಾಣಿಕನಿಗೆ. ಕಾಯಿಲೆ ಮುಚ್ಚಿಟ್ಟವನ ಬಂದೂಕು ಗೋಡೆಯ ಮೇಲೆ ಹಾಗೇ ಇರುತ್ತದೆ. ನಮ್ಮ ರೈತನ ಮನೆಯಲ್ಲಿ ಬಂದೂಕೂ ಉಳಿಯುತ್ತದೆ, ಕಾಯಿಲೆಯೂ ಉಳಿಯುತ್ತದೆ, ದೂರವಾಗುವವನು ವೈದ್ಯನೊಬ್ಬನೇ.

ಹಾಗಾದರೆ ಹೆಂಡತಿ ಮಕ್ಕಳ ಜೀವಕ್ಕಿಂತ ಅವನ ಗುಟ್ಟು ದೊಡ್ಡದೇ? ಖಂಡಿತ ಅಲ್ಲ. ಬೇರೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು ಅಗತ್ಯವಿದ್ದಾಗ ವೈದ್ಯರು ಗುಟ್ಟು ಬಿಚ್ಚಲು 2017ರ ಕಾಯ್ದೆಯೇ ಅವಕಾಶ ಕೊಟ್ಟಿದೆ. ಕುಡಿದು ಬಂದೂಕು ತೋರಿಸಿ ಹೆದರಿಸಿದವನು, ಹೆಂಡತಿಯನ್ನು ಬಡಿಯುವವನು ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತದಿದ್ದರೂ ಪರವಾನಗಿಗೆ ಅರ್ಹನಲ್ಲ. ಅಂಥವನ ನಡತೆ ಓಣಿಗೆಲ್ಲ ಗೊತ್ತಿರುತ್ತದೆ. ಪೊಲೀಸರು ಕೇಳಬೇಕಾದದ್ದು ಆ ನಡತೆಯನ್ನು, ನುಂಗಿದ ಗುಳಿಗೆಯನ್ನಲ್ಲ.

ಆಯುಧ ಕಸಿದುಕೊಳ್ಳುವುದನ್ನು ಈ ಸೀಮೆ ಅವಮಾನವೆಂದೇ ಬಗೆದದ್ದುಂಟು. 1857ರಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ಬ್ರಿಟಿಷರ ನಿಶ್ಶಸ್ತ್ರೀಕರಣದ ವಿರುದ್ಧವೇ ದಂಗೆ ಎದ್ದರು. ಕಸಿಯುವುದು ಬೇರೆ, ಒಪ್ಪಿಸುವುದು ಬೇರೆ. ಚುನಾವಣೆ ಬಂದಾಗ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವುದು ನಮ್ಮಲ್ಲಿ ರೂಢಿ. ಚುನಾವಣೆ ಮುಗಿದ ಮೇಲೆ ಮರಳಿ ಕೊಡುತ್ತಾರೆ. ಇಟ್ಟವನನ್ನು ಯಾರೂ ಅಪರಾಧಿ ಎನ್ನುವುದಿಲ್ಲ. ಮನಸ್ಸು ಕುಸಿದ ಕಾಲಕ್ಕೂ ಇಂಥದೊಂದು ದಾರಿ, ಹೆಸರು ಕೆಡದ ಹಾಗೆ, ಏಕಿರಬಾರದು? ಕಚೇರಿಯ ಕನ್ನಡದಲ್ಲಿ 'ಅಮಾನತು' ಎಂದರೆ ನೌಕರನಿಗಾಗುವ ಶಿಕ್ಷೆ. ಆ ಪದದ ಮೂಲಾರ್ಥ, ನಂಬಿ ಒಪ್ಪಿಸಿದ ವಸ್ತು. ರೋಗಿಯ ಗುಟ್ಟು ವೈದ್ಯನ ಬಳಿ ಅಮಾನತು. ಅವನ ಬಂದೂಕು ಕೆಲವು ತಿಂಗಳು ಠಾಣೆಯಲ್ಲಿ ಅಮಾನತು. ಎರಡನ್ನೂ ಕಾಯುವ ಹೊಣೆ ಪಡೆದವರದು.

ಇಂಥ ಭರವಸೆ ಇದ್ದರೆ ಆ ಹೆಂಡತಿ ಧೈರ್ಯದಿಂದ ಹೇಳಬಲ್ಲಳು: "ಬಂದೂಕು ಎಲ್ಲಿಗೂ ಹೋಗೂದಿಲ್ಲ. ಮೊದಲ ದವಾಖಾನಿಗೆ ನಡೀರಿ."