ದಣಿದವನ ಧರ್ಮ

ಮೈ ದಣಿದಾಗ ಮನುಷ್ಯನು ಬೇರೊಬ್ಬನಾಗುವನೋ, ಅಥವಾ ಅದುವರೆಗೆ ಮರೆಯಾಗಿದ್ದ ತನ್ನ ನಿಜರೂಪವನ್ನೇ ತಾಳುವನೋ ಎಂಬ ಪ್ರಶ್ನೆಯು ಪುಸ್ತಕದ ಮುಂದೆ ಬೆಚ್ಚಗೆ ಕುಳಿತವನಿಗೆ ಹುಟ್ಟತಕ್ಕುದಲ್ಲ. ನನಗೆ ಅದು ಹುಟ್ಟಿದುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವರ್ಜೀನಿಯಾ ಸೀಮೆಯ ಒಂದು ಬೆಟ್ಟದ ಮೇಲೆ, ಮಳೆಯ ರಾತ್ರಿಯಲ್ಲಿ. ಮಗನನ್ನು ನೋಡಲೆಂದು ಹೋಗಿದ್ದವನು ಅವನ ಒತ್ತಾಯಕ್ಕೆ ಮಣಿದು ನಾಲ್ಕು ದಿನಗಳ ಕಾಲ್ನಡೆಗೆ ಹೊರಟಿದ್ದೆನು. ಅಲ್ಲಿ ನಾನು ಮಾಡಿದುದನ್ನು ಯಾವ ನ್ಯಾಯಾಸ್ಥಾನವೂ ಅಪರಾಧವೆನ್ನಲಾರದು. ಆದರೂ ಬರೆಯುತ್ತಿರುವೆನು.

ಆ ಹಾದಿಗೆ ಅಪಲಾಚಿಯನ್ ಹಾದಿಯೆಂದು ಹೆಸರು. ಬೆಂಟನ್ ಮೆಕೈ ಎಂಬಾತನು 1921ರಲ್ಲಿ ಒಂದು ಲೇಖನದ ಮೂಲಕ ಇದರ ಕಲ್ಪನೆಯನ್ನು ಜನರ ಮುಂದಿಟ್ಟನು. 1937ರಲ್ಲಿ ಹಾದಿಯು ಆದ್ಯಂತವಾಗಿ ಕೂಡಿಬಂದಿತು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್ ಸೀಮೆಯ ಕಟಾಡಿನ್ ಶಿಖರದವರೆಗೆ 14 ಸಂಸ್ಥಾನಗಳನ್ನು ಹಾಯ್ದು ಸುಮಾರು 2,190 ಮೈಲಿ ಹೋಗುತ್ತದೆ. ದಾರಿ ತಪ್ಪದಿರಲೆಂದು ಮರಗಳ ಮೇಲೆ 2 ಅಂಗುಲ ಅಗಲ, 6 ಅಂಗುಲ ಉದ್ದದ ಬಿಳಿಯ ಪಟ್ಟೆಗಳನ್ನು ಬಳಿದಿದ್ದಾರೆ. ನಡುನಡುವೆ ತಂಗುವುದಕ್ಕೆ ಮರದ ಮಂಟಪಗಳುಂಟು: ಮೂರು ಗೋಡೆ, ಒಂದು ಮಾಡು, ನೆಲದಿಂದ ಎತ್ತರಿಸಿದ ಹಲಗೆಯ ಹಾಸು, ನಾಲ್ಕನೆಯ ಕಡೆ ಬಯಲು. ನಮ್ಮ ಹಳೆಯ ಛತ್ರಗಳಂತೆಯೇ ಸರಿ, ಆದರೆ ಪಾರುಪತ್ಯಗಾರನಿಲ್ಲ. ಮೊದಲು ಬಂದವನಿಗೆ ಮೊದಲು ಎಡೆ. ಮಳೆ ಸುರಿಯುವಾಗ ಮಾತ್ರ ಇನ್ನೊಬ್ಬನಿಗೆ ಹೇಗಾದರೂ ಎಡೆ ಮಾಡಬೇಕೆಂಬುದು ನಡೆಯುವವರು ತಮ್ಮತಮ್ಮಲ್ಲಿ ಪಾಲಿಸಿಕೊಂಡು ಬಂದಿರುವ ವಾಡಿಕೆ.

ಮೂರನೆಯ ದಿನ ಬೆಳಗಿನಿಂದಲೇ ಮಳೆ ಹಿಡಿಯಿತು. ಒಂಬತ್ತು ಗಂಟೆಯ ಹೊತ್ತಿಗೆ ಹಾದಿಯೇ ಹಳ್ಳವಾಯಿತು. ಮಳೆಯಂಗಿಯು ಹೊರಗಿನ ನೀರನ್ನು ತಡೆದಷ್ಟೂ ಒಳಗಿನ ಬೆವರನ್ನು ಹಿಡಿದಿಟ್ಟು, ಎರಡು ಕಡೆಯಿಂದಲೂ ನೆನೆಸಿತು. ಬೆನ್ನ ಮೇಲಿನ ಹೊರೆ ನೀರು ಕುಡಿದು ಭಾರವಾಯಿತು. ಎಲೆ ಮುಚ್ಚಿದ ಕಲ್ಲುಗಳ ಮೇಲೆ ಎರಡು ಬಾರಿ ಜಾರಿ ಬಿದ್ದೆನು. ನಡುಹಗಲಿನಲ್ಲಿ ಒಲೆ ಹತ್ತಲಿಲ್ಲವಾಗಿ ತಣ್ಣೀರಿನಲ್ಲಿ ನೆನೆಸಿದ ಅವಲಕ್ಕಿಯನ್ನು ನಿಂತುಕೊಂಡೇ ತಿಂದೆವು. ಬೆಳಿಗ್ಗೆ ಕಾಡಿನ ಸೊಬಗನ್ನು ಕುರಿತು ಮಗನೊಡನೆ ಮಾತನಾಡಿದ್ದ ನಾನು ಮಧ್ಯಾಹ್ನಕ್ಕೆ ಊಟವನ್ನು ಕುರಿತೂ, ಸಂಜೆಗೆ ಬರಿಯ ನನ್ನ ಎಡಗಾಲಿನ ಹಿಮ್ಮಡಿಯನ್ನು ಕುರಿತೂ ಯೋಚಿಸುತ್ತಿದ್ದೆನು. ಲೋಕವು ಅಷ್ಟಕ್ಕೆ ಕುಗ್ಗಿತ್ತು.

ಮಂಟಪದಲ್ಲಿ ನಾವು ಎಂಟು ಮಂದಿ ಮಲಗಿದೆವು. ನಾನು ಗೋಡೆಯ ಮಗ್ಗುಲಿನವನು. ನನಗೂ ಗೋಡೆಗೂ ನಡುವೆ ಮೊಳದಷ್ಟು ಸ್ಥಳವಿತ್ತು, ಅಲ್ಲಿ ನನ್ನ ಚೀಲವನ್ನು ಇಟ್ಟುಕೊಂಡಿದ್ದೆನು. ಕತ್ತಲಾಗಿ ಬಹಳ ಹೊತ್ತಾದ ಮೇಲೆ ಒಂದು ಬೆಳಕು ಬಂದು ಅಂಚಿನಲ್ಲಿ ನಿಂತಿತು. ಒಬ್ಬನು ಮೆಲ್ಲಗೆ, ಎಡೆಯುಂಟೇ ಎಂದು ಕೇಳಿದನು. ಒಂದೇ ಸಲ ಕೇಳಿದನು. ಯಾರೂ ಮಾತನಾಡಲಿಲ್ಲ. ನಾನು ಎಚ್ಚರವಾಗಿದ್ದೆನು, ಕಣ್ಣು ಮುಚ್ಚಿಕೊಂಡೆನು. ಅವನು ತುಸು ಹೊತ್ತು ಕಾದು ಹಿಂಭಾಗಕ್ಕೆ ಹೋದನು. ಮಳೆಯಲ್ಲಿ ಗುಡಾರದ ಗೂಟ ಹೊಡೆಯುವ ಸದ್ದು ಕೇಳಿಸಿತು. ಬೆಳಿಗ್ಗೆ ನೋಡಿದರೆ ಅವನಿರಲಿಲ್ಲ. ಹುಲ್ಲು ಅಪ್ಪಚ್ಚಿಯಾಗಿದ್ದ ಆರಡಿ ನೆಲದಲ್ಲಿ ನೀರು ನಿಂತಿತ್ತು.

ಉಳಿದ ರಾತ್ರಿ ನಾನು ನನ್ನ ಪರವಾಗಿ ವಾದ ಮಾಡಿದೆನು. ಅವನು ತಾನಾಗಿ ಬಂದವನು, ಬೇಕೆಂದೇ ನೆನೆದವನು. ಬೆನ್ನ ಮೇಲೆ ಗುಡಾರವೂ ಇತ್ತು. ನಮ್ಮ ಮಲೆನಾಡಿನಲ್ಲಿ ಗೊರಬು ಹೊದ್ದು ಗದ್ದೆ ನಾಟಿ ಮಾಡುವ ಹೆಂಗಸು ಮಳೆಯನ್ನು ಆರಿಸಿಕೊಂಡವಳಲ್ಲ. ಅವಳಿಗೆ ಸಲ್ಲುವ ಕನಿಕರವು ವಿನೋದಕ್ಕೆ ನೆನೆಯುವವನಿಗೆ ಏಕೆ ಸಲ್ಲಬೇಕು? ಈ ವಾದವು ಆಗ ಬಲವಾಗಿಯೇ ತೋರಿತು. ಆದರೆ ಇದೇ ಹಾದಿಯನ್ನು ನಡೆದವರ ವಿಚಾರ ತಿಳಿದರೆ ಅದು ನಿಲ್ಲದು. 1948ರಲ್ಲಿ ಇದನ್ನು ಒಂದೇ ಯಾತ್ರೆಯಲ್ಲಿ ನಡೆದು ಮುಗಿಸಿದ ಮೊದಲಿಗನೆಂದು ಹೆಸರಾದ ಅರ್ಲ್ ಶೇಫರನು ಮಹಾಯುದ್ಧದಿಂದ ಹಿಂದಿರುಗಿದ ಸಿಪಾಯಿ. ಯುದ್ಧದ ಭಾರವನ್ನು ನಡೆದು ಇಳಿಸಿಕೊಳ್ಳಲು ಹೊರಟವನು. 1955ರಲ್ಲಿ ತನ್ನ 67ನೆಯ ವಯಸ್ಸಿನಲ್ಲಿ ಒಬ್ಬಳೇ ನಡೆದ ಎಮ್ಮಾ ಗೇಟ್‌ವುಡ್ ಹನ್ನೊಂದು ಮಕ್ಕಳ ತಾಯಿ, ಗಂಡನ ಹೊಡೆತಗಳನ್ನು ವರ್ಷಗಟ್ಟಲೆ ಸಹಿಸಿದವಳು. ಕೈಯಿಂದ ಹೊಲಿದ ಒಂದು ಚೀಲ, ಮಳೆಗೆ ಬಚ್ಚಲುಮನೆಯ ಒಂದು ಪರದೆ ಅವಳ ಸಾಮಗ್ರಿ. ಅಂಥವಳು ಮಳೆಯನ್ನು ತಾನೇ ಆರಿಸಿಕೊಂಡಳೆಂದರೆ, ಆರಿಸಿಕೊಳ್ಳುವ ಅಧಿಕಾರವೇ ಅವಳಿಗೆ ದೊರೆತ ಸಂಪತ್ತು. ಕತ್ತಲೆಯಲ್ಲಿ ಎಡೆ ಕೇಳಿದವನು ಯಾವ ಭಾರ ಇಳಿಸಲು ಬಂದಿದ್ದನೋ ನಾನೇನು ಬಲ್ಲೆ? ಅಲ್ಲದೆ, ಮಳೆಯನ್ನು ಒಪ್ಪಿ ಬಂದವನು ನನ್ನ ಮೌನವನ್ನೂ ಒಪ್ಪಿ ಬಂದನೆಂದು ಯಾವ ತರ್ಕದಿಂದ ಹೇಳುವುದು?

ಉಳಿದುದು ದಣಿವಿನ ವಾದ. ಇದಕ್ಕೆ ವಿದ್ವಾಂಸರ ಆಸರೆಯೂ ಉಂಟು. 1973ರಲ್ಲಿ ಪ್ರಕಟವಾದ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬವರ ಪರೀಕ್ಷೆಯಲ್ಲಿ, ಪ್ರಿನ್ಸ್‌ಟನ್ನಿನ ದೇವವಿದ್ಯೆಯ ವಿದ್ಯಾರ್ಥಿಗಳನ್ನು ಭಾಷಣಕ್ಕೆಂದು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳುಹಿಸಿ, ದಾರಿಯಲ್ಲಿ ನರಳುವವನೊಬ್ಬನನ್ನು ಕೂರಿಸಿದ್ದರು. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ನೆರವಿಗೆ ನಿಂತರು. ಅವಸರಪಡಿಸಲ್ಪಟ್ಟವರಲ್ಲಿ ನೂರಕ್ಕೆ 10. ಕೆಲವರು ಹೇಳಹೊರಟಿದ್ದುದು ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಕಥೆಯನ್ನೇ! ಅವಸರವು ಮಾಡುವುದನ್ನು ದಣಿವೂ ಮಾಡೀತು. ಹಾಗಾದರೆ ಶೀಲವೆಂಬುದು ಹೊತ್ತು, ಹೊಟ್ಟೆ, ಒಣಬಟ್ಟೆಗಳ ಇನ್ನೊಂದು ಹೆಸರೇ?

ಮಹಾಪ್ರಸ್ಥಾನದ ನಡಿಗೆಯು ಇಲ್ಲಿ ನೆನಪಾಗುತ್ತದೆ. ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು. ಭೀಮನು ಕಾರಣ ಕೇಳಿದಾಗಲೆಲ್ಲ ಯುಧಿಷ್ಠಿರನು ಬಿದ್ದವರ ದೋಷವನ್ನು ಹೇಳಿ, ತಿರುಗಿ ನೋಡದೆ ಮುಂದೆ ನಡೆದನು. ಅದು ವೈರಾಗ್ಯವೆಂದು ಹಿರಿಯರು ಹೇಳುವರು. ಆ ಮಳೆಯ ಹಾದಿಯನ್ನು ನಡೆದ ಮೇಲೆ ನನಗೇನೋ ಅದರಲ್ಲಿ ದಣಿವೂ ಕಾಣುತ್ತದೆ. ಆದರೆ ಅದೇ ದಣಿದವನು ಸ್ವರ್ಗದ ರಥವು ಎದುರಿಗೆ ನಿಂತಾಗ, ಹಿಂಬಾಲಿಸಿ ಬಂದ ಒಂದು ನಾಯಿಯನ್ನು ಬಿಟ್ಟು ಏರಲೊಲ್ಲೆನೆಂದನು. ದಣಿವಿನಿಂದ ಅವನ ಧರ್ಮವು ಕುಗ್ಗಿತ್ತು ಎಂದರೂ ನಾಯಿಯೊಂದಕ್ಕೆ ಆಗುವಷ್ಟು ಉಳಿದಿತ್ತು. ನನ್ನಲ್ಲಿ ಒಂದು ಚೀಲವನ್ನು ಸರಿಸುವಷ್ಟೂ ಉಳಿದಿರಲಿಲ್ಲವೆಂದು ಹೇಳಿ ಪಾರಾಗಬಹುದಾಗಿತ್ತು.

ಹಾಗೆ ಪಾರಾಗಲು ಬಿಡದ ಸಂಗತಿಯೊಂದುಂಟು. ಮರುದಿನ ಬೆಳಿಗ್ಗೆ ಮಗನು ಕಾಫಿ ಕಾಯಿಸಿ ತಂದುಕೊಟ್ಟು, “ರಾತ್ರಿ ಯಾರೋ ಬಂದು ಕೇಳಿದ ಹಾಗಿತ್ತಲ್ಲ ಅಪ್ಪಾ, ನಿಮಗೆ ಕೇಳಿಸಿತೇ?” ಎಂದನು.

“ಇಲ್ಲವಪ್ಪಾ” ಎಂದೆನು.

ಆಗ ಮಳೆ ನಿಂತು ಬಿಸಿಲು ಬಂದಿತ್ತು. ನನ್ನ ಮೈಮೇಲೆ ಒಣಬಟ್ಟೆಯಿತ್ತು, ದಣಿವೂ ಇರಲಿಲ್ಲ.